ಆಯುಧಪೂಜೆಯ ಸಂಜೆ ಬಂದ ಸುದ್ದಿ

ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು. ಆ ವರ್ಷ ಆಯುಧಪೂಜೆಯೂ ಅವತ್ತೇ. ನಾವಾಗ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿದ್ದೆವು. ಮೈಸೂರಿನಿಂದ ಅಮ್ಮ ಬಂದಿದ್ದರು. ನಾನು ಆಫೀಸಿಗೆ ಹೊರಡುವ ಮೊದಲೇ ಕಾರು, ಲ್ಯಾಪ್‌ಟಾಪ್, ಮಿಕ್ಸಿ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದರು. ತಮ್ಮ ಐಪ್ಯಾಡನ್ನೂ ತಂದು ಆ ಸಾಲಿನಲ್ಲೇ ಇಟ್ಟಿದ್ದರು.

ಸಂಜೆ ಆಫೀಸಿನಲ್ಲಿ ಸುದ್ದಿ ಹಬ್ಬಿತು. ಆಪಲ್ ವೆಬ್‌ಸೈಟ್ ತೆರೆದರೆ ಒಂದು ಕಪ್ಪು ಬಿಳುಪು ಫೋಟೋ, ಪಕ್ಕದಲ್ಲಿ ಹೆಸರು, 1955–2011. ಹಿಂದಿನ ದಿನವಷ್ಟೇ ಆಪಲ್ ಹೊಸ ಐಫೋನ್ 4ಎಸ್ ತೋರಿಸಿತ್ತು. ಜಾಬ್ಸ್‌ಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಗಿತ್ತು, 2009ರಲ್ಲಿ ಲಿವರ್ ಬದಲಾಯಿಸಿದ್ದರು, ಆಗಸ್ಟ್‌ನಲ್ಲಿ ಅವರು ಸಿಇಒ ಹುದ್ದೆ ಬಿಟ್ಟಿದ್ದರು. ಇದೆಲ್ಲ ಗೊತ್ತಿದ್ದದ್ದೇ. ಆದರೂ 56 ಹೋಗುವ ವಯಸ್ಸಾ? ನಮ್ಮ ಸಾಲಿನಲ್ಲಿ ಯಾರೂ ಮಾತಾಡಲಿಲ್ಲ. ಜಾಬ್ಸ್ ಮಾಡಿದ ಯಂತ್ರದಲ್ಲೇ ಜಗತ್ತಿನ ಎಷ್ಟೋ ಜನ ಅವರ ಸಾವಿನ ಸುದ್ದಿ ತಿಳಿದುಕೊಂಡರು ಅಂತ ಅಧ್ಯಕ್ಷ ಒಬಾಮ ಹೇಳಿದರು. ನಮ್ಮ ಮನೆಯಲ್ಲಿ ಆದದ್ದೂ ಅದೇ. ಕುಂಕುಮ ಹಚ್ಚಿದ್ದ ಆ ಐಪ್ಯಾಡಿನಲ್ಲೇ ಮಗಳು ಓದಿ ಅಜ್ಜಿಗೆ ಹೇಳಿದ್ದಳು.

ರಾತ್ರಿ ಅಣ್ಣ ಫೋನ್ ಮಾಡಿದ. ಅಲ್ಲಿ ಆಗಲೇ ವಿಜಯದಶಮಿ ಬೆಳಿಗ್ಗೆ, ಜಂಬೂಸವಾರಿಯ ಸಡಗರ. ನಾನು ಸಪ್ಪಗಿದ್ದದ್ದು ದನಿಯಲ್ಲೇ ಗೊತ್ತಾಯಿತೇನೋ. “ಅಲ್ಲ ಕಣೋ, ಅಷ್ಟು ದೊಡ್ಡ ಶ್ರೀಮಂತ. ಅವನಿಗೂ ನಿನಗೂ ಏನು ಸಂಬಂಧ? ದುಡ್ಡು ಕೊಟ್ಟು ಫೋನ್ ತಗೊಂಡಿದ್ದೀಯ, ಅಲ್ಲಿಗೆ ಮುಗೀತು” ಅಂದ.

ಅವನ ಮಾತು ತಪ್ಪು ಅಂತ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ನಮ್ಮಜ್ಜಿ ದೇವರನಾಮಗಳನ್ನು ಬರೆದಿಟ್ಟುಕೊಂಡಿದ್ದ ಒಂದು ನೋಟ್‌ಬುಕ್ ಇದೆ. ಪೆನ್ಸಿಲಿನಲ್ಲಿ ಬರೆದ ಸಣ್ಣ ಅಕ್ಷರ, ಅರ್ಧ ಮಾಸಿಹೋಗಿದೆ. ಕಣ್ಣು ಮಂಜಾದ ಮೇಲೆ ಅಮ್ಮನಿಗೆ ಅದನ್ನು ಓದಲು ಆಗುತ್ತಿರಲಿಲ್ಲ. ಸುಮ್ನೆ ತೆಗೆದು ಸವರಿ ಮತ್ತೆ ಬೀರುವಿನಲ್ಲಿ ಇಡುತ್ತಿದ್ದರು. ನಾನು ಅದನ್ನು ಸ್ಕ್ಯಾನ್ ಮಾಡಿ ಐಪ್ಯಾಡಿಗೆ ಹಾಕಿಕೊಟ್ಟೆ. ಮೊದಲ ಸಲ ಎರಡು ಬೆರಳಿಟ್ಟು ಹಿಗ್ಗಿಸಿದಾಗ ಅಜ್ಜಿಯ ‘ಕ್ಷ’ ಅಂಗೈ ಅಗಲ ಆಯಿತು. ಬಾಲ ಎಳೆಯುವಾಗ ಅಜ್ಜಿ ಪೆನ್ಸಿಲ್ ಒತ್ತಿದ್ದ ಗುರುತೂ ಕಂಡಿತು. ಅಮ್ಮನಿಗೆ ಇದನ್ನು ಯಾರೂ ಕಲಿಸಿಕೊಡಲಿಲ್ಲ. ಬೆರಳು ಇಟ್ಟರೆ ಸಾಕು ಅನ್ನುವ ಹಾಗೆ ಅದನ್ನು ಮಾಡಿದ್ದರು. ಹಾಗೆ ಆಗಲೇಬೇಕು ಅಂತ ಯಾರೋ ಹಟ ಹಿಡಿದಿರಬೇಕು, ಅಲ್ವಾ? ದುಡ್ಡು ಕೊಟ್ಟು ತಗೊಂಡದ್ದು ನಿಜ. ಆದರೆ ದುಡ್ಡಿಗೆ ಸಿಗುವ ವಸ್ತುಗಳಲ್ಲಿ ಇಷ್ಟು ಕಾಳಜಿ ಎಷ್ಟರಲ್ಲಿ ಇರುತ್ತದೆ?

ಆಪಲ್ ಕ್ಯಾಂಪಸ್ಸಿಗೆ ಹೋಗಿ ಹೂವಿಟ್ಟು ಬರೋಣ ಅಂದವರು ಅಮ್ಮನೇ. “ಹಬ್ಬ ಮುಗೀಲಿ, ಶುಕ್ರವಾರ ಹೋಗೋಣ” ಅಂದರು. ಕ್ಯುಪರ್ಟಿನೋದ ಇನ್ಫಿನಿಟ್ ಲೂಪ್ ಬೀದಿಯಲ್ಲಿದ್ದ ಆ ಕ್ಯಾಂಪಸ್ ನಮ್ಮ ಮನೆಗೆ ಹತ್ತಿರವೇ. ಬಾವುಟಗಳು ಅರ್ಧಕ್ಕೆ ಇಳಿದಿದ್ದವು. ಹುಲ್ಲಿನ ಮೇಲೆ ಹೂಗುಚ್ಛ, ಮೇಣದಬತ್ತಿ, ಒಂದು ಕಡೆ ಕಚ್ಚಿಟ್ಟ ಸೇಬುಗಳು. ಮಕ್ಕಳು ಕ್ರೇಯಾನಿನಲ್ಲಿ ಬರೆದ ಚೀಟಿಗಳೂ ಇದ್ದವು. ಪಾಲೊ ಆಲ್ಟೊದ ಆಪಲ್ ಅಂಗಡಿಯ ಗಾಜಿನ ಮೇಲೆಲ್ಲ ಬಣ್ಣಬಣ್ಣದ ಅಂಟುಚೀಟಿ ತುಂಬಿಹೋಗಿವೆ ಅಂತ ಗೆಳೆಯರು ಹೇಳಿದ್ದರು. ಅಮ್ಮ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಹೋಗಿ ಸೇವಂತಿಗೆ ಇಟ್ಟರು. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಅಮ್ಮನ ಕೈ ಹಿಡಿದುಕೊಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಅಮ್ಮ ಸ್ನಾನ ಮಾಡಿದರು, ನಮಗೂ ಮಾಡಿಸಿದರು.

ಜಾಬ್ಸ್ 1974ರಲ್ಲಿ ಭಾರತಕ್ಕೆ ಬಂದಿದ್ದರು, ನೀಮ್ ಕರೋಲಿ ಬಾಬಾರನ್ನು ಹುಡುಕಿಕೊಂಡು ಹೋಗಿದ್ದರು. ಆದರೆ ಬಾಬಾ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ವಾರ ನಮ್ಮವರೆಲ್ಲ ಇದನ್ನೇ ಜಾಸ್ತಿ ಹೇಳುತ್ತಿದ್ದರು. ನನಗೆ ಅದು ಅಷ್ಟು ಮುಖ್ಯ ಅನ್ನಿಸಲಿಲ್ಲ. ಯಾರೂ ಹೇಳದೇ ಬಿಟ್ಟದ್ದು ಹೆಚ್ಚು ಕಾಡಿತು. ಈ ಯಂತ್ರಗಳನ್ನು ಜೋಡಿಸುವ ಚೀನಾದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2010ರಲ್ಲಿ ಎಳೆಯ ಕಾರ್ಮಿಕರು ಒಬ್ಬರ ಹಿಂದೆ ಒಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದರು. ಅಮ್ಮ ಹಿಗ್ಗಿಸಿ ನೋಡುವ ಆ ಗಾಜನ್ನು ಕೂರಿಸುವುದು ಅಂಥ ಕೈಗಳೇ. ಹೂವಿಡುವಾಗ ಅವರನ್ನೂ ನೆನೆಯಬೇಕಿತ್ತು.

ಮುಂದಿನ ವಾರ ಇನ್ನೊಂದು ಸುದ್ದಿ. ಡೆನಿಸ್ ರಿಚಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ತೀರಿಕೊಂಡಿದ್ದರು. ಅವರಿಗೆ 70 ವರ್ಷ. ಒಬ್ಬರೇ ಇರುತ್ತಿದ್ದರಂತೆ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಸಿ ಭಾಷೆ ಮಾಡಿದವರು ಅವರು. ಬೆಲ್ ಲ್ಯಾಬ್ಸ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಕೆನ್ ಥಾಂಪ್ಸನ್ ಜೊತೆ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಕಟ್ಟಿದವರು. ಮ್ಯಾಕ್, ಐಫೋನ್, ಐಪ್ಯಾಡ್ ಎಲ್ಲದರ ಒಳಗೂ ಓಡುವುದು ಆ ಯುನಿಕ್ಸ್ ವಂಶದ ಸಾಫ್ಟ್‌ವೇರೇ. ಟೀವಿಯವರು ಬಾಯಿಬಿಡಲಿಲ್ಲ. ಜಾಬ್ಸ್‌ಗೆ ಸಿಕ್ಕ ಪ್ರೀತಿ ಜಾಸ್ತಿ ಆಯಿತು ಅಂತ ನಾನು ಹೇಳುವುದಿಲ್ಲ. ರಿಚಿಯವರಿಗೆ ಅದರ ಒಂದು ಪಾಲಾದರೂ ಸಿಗಬೇಕಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಟೀಮಿನ ಹೊಸ ಹುಡುಗರಿಗೆ ಹೇಳಿದೆ. ದಿನಾ ಸಿ ಬರೆಯುವ ಹುಡುಗರು, ಹೆಸರು ಕೇಳಿರಲಿಲ್ಲ. ಕಾಲೇಜಿನ ದಿನಗಳಿಂದ ನನ್ನ ಜೊತೆಗಿರುವ ರಿಚಿಯವರ ತೆಳ್ಳನೆಯ ಸಿ ಪುಸ್ತಕವನ್ನು ಮೇಜಿನಿಂದ ತಂದುಕೊಟ್ಟೆ. ಒಬ್ಬ ಪಾಯಿಂಟರ್‌ಗಳ (ಮೆಮೊರಿಯಲ್ಲಿನ ವಿಳಾಸ ಹಿಡಿದಿಡುವ ಸಿ ಭಾಷೆಯ ವಿಷಯ) ಅಧ್ಯಾಯ ತೆರೆದು ಅಲ್ಲೇ ಪ್ರಶ್ನೆ ಶುರುಮಾಡಿದ. ಮೂರು ಗಂಟೆಯ ಮೀಟಿಂಗ್ ಮುಂದಕ್ಕೆ ಹಾಕಿದೆವು.