ರಜೆಯಲ್ಲಿ ನೀರು ಹಾಕೋರು ಯಾರು?

ಜುಲೈಗೆ ಚಿತ್ರದುರ್ಗಕ್ಕೆ ಬರೋಣ ಅಂತ ಮೊನ್ನೆ ರಾತ್ರಿ ಟಿಕೆಟ್ ನೋಡ್ತಾ ಕೂತಿದ್ದೆ. ಒಂಬತ್ತು ವರ್ಷದ ಮಗಳು ಪಕ್ಕಕ್ಕೆ ಬಂದು ತಾರೀಖು ನೋಡಿದಳು. "ಅಮ್ಮಾ, ಎರಡನೇ ವಾರ ಬೇಡ. ಅದು ನನ್ನ ನೀರಿನ ಸರದಿ."

ನೀರು ಹಾಕಬೇಕಿರೋದು ಅವಳ ಶಾಲೆಯ ಕ್ರಿಸ್‌ಮಸ್ ಮರಗಳಿಗೆ. ಶಾಲೆಯ ತೋಟದ ಕ್ಲಬ್ಬಿನ ಮಕ್ಕಳು ಪ್ರತಿ ಫೆಬ್ರವರಿ ಮಳೆಯಲ್ಲಿ ಮೈದಾನದ ಹಿಂದೆ ಒಂದು ಸಾಲು ನೋಬಲ್ ಫರ್ ಸಸಿ ನೆಡುತ್ತಾರೆ. ಡಿಸೆಂಬರ್‌ನಲ್ಲಿ ಎಲ್ಲಕ್ಕಿಂತ ಹಳೆಯ ಸಾಲು ಕಡಿದು ಮಾರುತ್ತಾರೆ. ಮಣ್ಣು, ಬೀಜ, ಗುದ್ದಲಿ, ಎಲ್ಲಾ ಆ ದುಡ್ಡಲ್ಲೇ. ಅಮೆರಿಕದಲ್ಲಿ ಅತಿ ಹೆಚ್ಚು ಕ್ರಿಸ್‌ಮಸ್ ಮರ ಬೆಳೆಯುವುದು ನಾವಿರುವ ಈ ಆರೆಗಾನ್ ರಾಜ್ಯದಲ್ಲಿ. ಚಳ್ಳಕೆರೆ ಕಡೆ ಶೇಂಗಾ ಹೊಲ ಕಂಡ ಹಾಗೆ ಇಲ್ಲಿ ಗುಡ್ಡದ ತುಂಬ ಈ ಮರಗಳ ಸಾಲು.

ಸಸಿ ಆಳೆತ್ತರ ಆಗೋಕೆ ಏಳರಿಂದ ಹತ್ತು ವರ್ಷ ಬೇಕು. ಕಳೆದ ಡಿಸೆಂಬರ್‌ನಲ್ಲಿ ನನ್ನ ಮಗಳು ಮೇಜಿನ ಹಿಂದೆ ನಿಂತು, "ಮನೆಗೆ ಹೋದ ಮೇಲೆ ಬುಡದಲ್ಲಿ ಒಂದು ಬಿಲ್ಲೆಯಷ್ಟು ಕೊಯ್ದು ತಕ್ಷಣ ನೀರಲ್ಲಿಡಿ, ಇಲ್ಲಾಂದ್ರೆ ಅಂಟು ಕಟ್ಟಿ ಮರ ನೀರು ಕುಡಿಯಲ್ಲ" ಅಂತ ಬಂದವರಿಗೆಲ್ಲ ಹೇಳಿ ಮಾರಿದ ಮರಗಳು, ಅವಳು ಮುಖವನ್ನೇ ನೋಡಿರದ ಅಕ್ಕ-ಅಣ್ಣಂದಿರು ನೆಟ್ಟವು. ಅವಳ ಸಸಿ ಮಾರಾಟಕ್ಕೆ ಬರುವಾಗ ಅವಳು ಹೈಸ್ಕೂಲಲ್ಲಿರುತ್ತಾಳೆ.

ಇಲ್ಲಿ ಮಳೆಯೆಲ್ಲ ಚಳಿಗಾಲದ್ದು. ಜುಲೈ, ಆಗಸ್ಟ್ ಒಣಒಣ, ಶಾಲೆಗೂ ಆಗಲೇ ರಜೆ. ಅದಕ್ಕೇ ವಾರಕ್ಕೊಂದು ಮನೆಯಂತೆ ಸರದಿ ಬರೆದು ಬಾಗಿಲಿಗೆ ಅಂಟಿಸಿರುತ್ತಾರೆ. 2021ರ ಜೂನ್ ಕೊನೆಗೆ ಇಲ್ಲಿನ ಸೇಲಂನಲ್ಲಿ 47 ಡಿಗ್ರಿ ಮುಟ್ಟಿತ್ತು. ಚಿತ್ರದುರ್ಗದವಳಾದ ನಾನೂ ಅಂಥ ಬಿಸಿಲು ಕಂಡಿರಲಿಲ್ಲ. ಆ ವರ್ಷದ ಸಸಿಗಳಲ್ಲಿ ಉಳಿದದ್ದು ನಾಲ್ಕು. ಆ ಸಾಲನ್ನು ಅವರು ಮತ್ತೆ ತುಂಬಿಸಲಿಲ್ಲ. ಖಾಲಿ ಜಾಗದ ತುದಿಯಲ್ಲಿ 2021 ಅಂತ ಬರೆದ ಹಲಗೆ ಹಾಗೇ ಇದೆ. ಪ್ರತಿ ಬೇಸಿಗೆ ರಜೆಗೆ ಮುಂಚೆ ಟೀಚರ್ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ.

"ನಿನ್ನ ಸ್ಕೂಲಲ್ಲಿ ನೀನು ನೆಟ್ಟ ಗಿಡ ಈಗ ಎಷ್ಟೆತ್ತರ ಇದೆ ಅಮ್ಮಾ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರತಿ ಜುಲೈ ವನಮಹೋತ್ಸವಕ್ಕೆ ಅರಣ್ಯ ಇಲಾಖೆಯ ಕಪ್ಪು ಪ್ಲಾಸ್ಟಿಕ್ ಚೀಲದ ಹೊಂಗೆ ಸಸಿ ಬರುತ್ತಿತ್ತು. ನಾವು ಅಂಗೈಯಲ್ಲಿ ಬೊಕ್ಕೆ ಏಳುವ ತನಕ ಗುಂಡಿ ತೆಗೆಯುತ್ತಿದ್ದೆವು, ಆಡು ಬಾಯಿ ಹಾಕದ ಹಾಗೆ ಜಾಲಿ ಮುಳ್ಳು ಸುತ್ತುತ್ತಿದ್ದೆವು, ಊಟದ ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಬುಡಕ್ಕೇ ಸುರಿಯುತ್ತಿದ್ದೆವು. ಪ್ರೀತಿ ಕಡಿಮೆ ಇರಲಿಲ್ಲ, ಇದನ್ನು ಮಗಳಿಗೂ ಹೇಳಿದೆ. ಆದರೆ ಏಪ್ರಿಲ್ 10ಕ್ಕೆ ರಿಸಲ್ಟ್ ಹೇಳಿದ ಮೇಲೆ ಗೇಟಿಗೆ ಬೀಗ. ನಾವು ಅಜ್ಜಿ ಊರಿಗೆ. ಜೂನ್‌ನಲ್ಲಿ ಬಂದರೆ ಮುಳ್ಳಿನ ನಡುವೆ ಒಣ ಕಡ್ಡಿ. ಜುಲೈಗೆ ಅದೇ ಗುಂಡಿಗೆ ಹೊಸ ಸಸಿ. ನಾನು ಮೂರು ವರ್ಷ ಒಂದೇ ಗುಂಡಿಯಲ್ಲಿ ನೆಟ್ಟಿದ್ದೇನೆ. ಸತ್ತ ಗಿಡದ ಬಗ್ಗೆ ಒಬ್ಬರೂ ಒಂದು ಮಾತಾಡಿದ್ದು ನೆನಪಿಲ್ಲ, ನಾನೂ ಕೇಳಿದವಳಲ್ಲ. ಈಗ ಅದು ಚುಚ್ಚುತ್ತದೆ.

ಮಗಳು ಮರುದಿನವೇ ಪಕ್ಕದ ಮನೆಯ ಅಜ್ಜಿಯ ಬಾಗಿಲು ತಟ್ಟಿ ತನ್ನ ವಾರವನ್ನು ಒಪ್ಪಿಸಿ ಬಂದಳು. ಆಮೇಲೆ ನಾನು ಟಿಕೆಟ್ ಮಾಡಿಸಿದೆ.

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಟೀಚರ್ ಆಗಿರೋ ಗೆಳತಿಗೆ ಬರುವ ಸುದ್ದಿ ಹೇಳಿದೆ. "ಬಾರೆ, ವನಮಹೋತ್ಸವಕ್ಕೆ ಸರಿಯಾಗಿ ಬರ್ತೀಯ, ನಿನ್ನ ಮಗಳ ಕೈಲೂ ಒಂದು ಗಿಡ ನೆಡಿಸೋಣ" ಅಂದಳು.

"ಏಪ್ರಿಲ್‌ನಲ್ಲಿ ಅದಕ್ಕೆ ನೀರು ಹಾಕೋರು ಯಾರೇ?"

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, "ಬಿಸಿಯೂಟದ ಅಡುಗೆಯಮ್ಮನ ಮನೆ ಶಾಲೆ ಪಕ್ಕದಲ್ಲೇ ಕಣೆ. ನಾಳೆ ಕೇಳ್ತೀನಿ. ಅವರು ಹ್ಞೂಂ ಅಂದ್ರೆ ಗುಂಡಿ ತೆಗೆಸ್ತೀನಿ" ಅಂದಳು.