ಶೆಡ್ಡಿನಲ್ಲಿ ಕಟ್ಟಿದ ವಿಮಾನ ಹತ್ತುವ ಮುಂಚೆ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ 2023ರಿಂದ ಬಂದಿಳಿಯುತ್ತಿರುವುದು ಕಾರ್ಖಾನೆಯ ವಿಮಾನ. ಅಮೆರಿಕದಲ್ಲಿ ಇನ್ನೊಂದು ಜಾತಿಯುಂಟು: ಕಿಟ್ ತರಿಸಿ, ಕಾರು ನಿಲ್ಲಿಸುವ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಹವ್ಯಾಸಕ್ಕೆ ಕಟ್ಟಿದ್ದು. ಅರ್ಧಕ್ಕಿಂತ ಹೆಚ್ಚು ಕೆಲಸ ಹೀಗೆ ಹವ್ಯಾಸಿಗಳ ಕೈಯಲ್ಲೇ ಆಗಿರಬೇಕೆಂದು ಕಾನೂನು. ಕಾರ್ಖಾನೆಯ ವಿಮಾನಕ್ಕಿರುವ ಸುರಕ್ಷತಾ ನಿಯಮಗಳಿಗೆ ಇದು ಹೊಂದುವುದಿಲ್ಲ ಎಂಬ ಫಲಕ ಪ್ರಯಾಣಿಕನ ಕಣ್ಣೆದುರೇ ಇರುತ್ತದೆ. ನಮ್ಮ ಕಡೆ ಊರಿನ ಮೆಕ್ಯಾನಿಕ್ ಮಾಡಿಕೊಟ್ಟ ಅಡಿಕೆ ಸುಲಿಯುವ ಮಶೀನು ಕೆಟ್ಟರೆ ಅಲ್ಲೇ ನಿಲ್ಲುತ್ತದೆ. ಈ ವಿಮಾನ ನಿಲ್ಲುವುದಿಲ್ಲ, ಬೀಳುತ್ತದೆ. ಸಾಗರ, ತೀರ್ಥಹಳ್ಳಿಯಿಂದ ಅಮೆರಿಕಕ್ಕೆ ಹೋದ ಹುಡುಗರನ್ನು ಆಫೀಸಿನ ಗೆಳೆಯ 'ಭಾನುವಾರ ಬಾ, ಒಂದು ಪಲ್ಟಿ ಹೊಡೆಸ್ತೀನಿ' ಎಂದು ಕರೆದರೆ ಉಪಯೋಗಕ್ಕೆ ಬರಲಿ ಎಂದು ಇಷ್ಟು.

ಮೊದಲು ಎತ್ತರ. ಅಲ್ಲಿ ನೆಲದಿಂದ 1,500 ಅಡಿಗಿಂತ ಕೆಳಗೆ ಪಲ್ಟಿಯಂಥ ಕಸರತ್ತು ಮಾಡುವಂತಿಲ್ಲ. ಕೇಳಲು ದೊಡ್ಡ ಸಂಖ್ಯೆ. ಆದರೆ ಜೋಗದ ರಾಜಾ ಒಂದೇ 830 ಅಡಿ, ಎರಡು ಜೋಗ ಪೇರಿಸಿದರೆ ಈ ಎತ್ತರವನ್ನೇ ಮೀರುತ್ತದೆ! ಸ್ಪಿನ್‌ಗೆ ಬಿದ್ದ, ಅಂದರೆ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುವ ವಿಮಾನ ಒಂದೊಂದು ಸುತ್ತಿಗೂ ನೂರಾರು ಅಡಿ ಕಳೆದುಕೊಳ್ಳುತ್ತದೆ. ಸುತ್ತು ನಿಂತ ಮೇಲೆ ಮೂತಿ ಎತ್ತಲು ಮತ್ತೆ ನೂರಾರು ಅಡಿ ಬೇಕು. ಬಿಡಿಸಿಕೊಳ್ಳುವ ಕ್ರಮವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ: ಥ್ರಾಟಲ್ (ಎಂಜಿನ್ ಶಕ್ತಿ) ಪೂರ್ತಿ ಇಳಿಸು, ಏಲರಾನ್ (ವಿಮಾನ ವಾಲಿಸುವ ರೆಕ್ಕೆಯಂಚು) ನಡುವಿಗೆ ತಾ, ಸುತ್ತಿಗೆ ವಿರುದ್ಧ ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವ ಕಾಲಿನ ಪೆಡಲ್) ಒತ್ತು, ಸ್ಟಿಕ್ (ಕೈಯಲ್ಲಿ ಹಿಡಿಯುವ ಕೋಲು) ಮುಂದೆ ತಳ್ಳು. ನೆಲ ಮೇಲೆದ್ದು ಬರುವಾಗ ಕೈ ಮಾತ್ರ ಸ್ಟಿಕ್ಕನ್ನು ಹಿಂದಕ್ಕೇ ಎಳೆಯುತ್ತದೆ, ಸ್ಪಿನ್ ಬಿಡುವುದೇ ಇಲ್ಲ. ಲೂಪಿನ, ಅಂದರೆ ಮೇಲಕ್ಕೆದ್ದು ಪೂರ್ತಿ ಚಕ್ರ ಹೊಡೆಯುವ ಕಸರತ್ತಿನ ತಳದಲ್ಲೂ ಇದೇ ಕತೆ. 4 ಜಿ (ತೂಕದ ನಾಲ್ಕು ಪಟ್ಟು ಭಾರ) ಎಳೆದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆಯ ಎತ್ತುವ ಶಕ್ತಿ ಕುಸಿಯುವ ವೇಗ ಇಮ್ಮಡಿಯಾಗುತ್ತದೆ. ಮಾಮೂಲಿಗೆ 55 ನಾಟ್‌ನಲ್ಲಿ ಸ್ಟಾಲ್ ಆಗುವ ರೆಕ್ಕೆ 110ರಲ್ಲೇ ಕೈಕೊಡುತ್ತದೆ.

ಹಿಂದುಮುಂದು ಸೀಟಿನ ವಿಮಾನದಲ್ಲಿ ನಿಮ್ಮ ತೂಕವೂ ಲೆಕ್ಕಕ್ಕೆ ಬರುತ್ತದೆ. ಹಿಂದೆ ಭಾರ ಹೆಚ್ಚಾದರೆ ಸ್ಪಿನ್ ಚಪ್ಪಟೆಯಾಗಿ ಗಟ್ಟಿ ಹಿಡಿದುಕೊಳ್ಳುತ್ತದೆ. ಸಂಕೋಚ ಬಿಟ್ಟು ನಿಜ ತೂಕ ಹೇಳಿ, ಪ್ಯಾರಾಚೂಟಿನದನ್ನೂ ಸೇರಿಸಿ.

ಇನ್ನು ಜೇಬು. ವಿಮಾನ ತಲೆಕೆಳಗಾದಾಗ ಜಾರಿದ ಫೋನು ಗಾಜಿನ ಮುಚ್ಚಳಕ್ಕೆ ಬಡಿದು, ನೇರವಾಗುತ್ತಲೇ ಬಾಲದ ಕಡೆ ಉರುಳಿ, ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಹಲಗೆ) ತಳ್ಳುವ ರಾಡಿನ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಆಮೇಲೆ ಸ್ಟಿಕ್ ಒಂದು ಕಡೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಪೆನ್ನು, ನಾಣ್ಯ, ಕಾರಿನ ಕೀ ಎಲ್ಲ ಕೆಳಗೇ ಇರಲಿ. ಆ ರಾಡಿನ ತುದಿಯ ಬೋಲ್ಟನ್ನೂ ನೋಡಿ. ತಿರುಗುವ ಜಾಗದಲ್ಲಿ ತಲೆಗೆ ಸೀಳುಗಳಿರುವ ನಟ್ಟು, ಅದರೊಳಗೆ ಕಾಲು ಮಡಚಿದ ಕಾಟರ್ ಪಿನ್ ಇರಬೇಕು. ಪಿನ್ ಇಲ್ಲದಿದ್ದರೆ ಅದುರಿ ಅದುರಿ ನಟ್ಟು ಕಳಚುತ್ತದೆ. ಕೊನೆಗಾರ ಮರಕ್ಕೆ ಕಾಲಿಡುವ ಮುಂಚೆ ತಳೆ ಎಳೆದು ನೋಡುವುದಿಲ್ಲವೇ? ಹಾಗೆಯೇ ಇದು. ತೋರಿಸಲು ಮುಖ ಗಂಟಿಕ್ಕುವ ಮಾಲೀಕನ ಜೊತೆ ಹಾರದಿರುವುದೇ ಒಳ್ಳೆಯದು.

ಕಟ್ಟಿದವನ ಇಷ್ಟದಂತೆ ಬದಲಾದ ಜಾಗಗಳ ಬಗ್ಗೆಯೂ ಕೇಳಿ. ಗಾಯಕ ಜಾನ್ ಡೆನ್ವರ್ 1997ರಲ್ಲಿ ಸತ್ತದ್ದು ಕಸರತ್ತಿನಲ್ಲಲ್ಲ. ಹೊಸದಾಗಿ ಕೊಂಡಿದ್ದ, ಇನ್ಯಾರೋ ಕಟ್ಟಿದ ವಿಮಾನದಲ್ಲಿ. ಇಂಧನದ ಕವಾಟ ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡ ಹೆಗಲ ಹಿಂದೆ ಕೂತಿತ್ತು. ಅದನ್ನು ತಿರುಗಿಸಲು ಮೈ ಹೊರಳಿಸಿದಾಗ ಕಾಲು ರಡ್ಡರನ್ನು ಒತ್ತಿರಬೇಕೆಂದು ತನಿಖೆಯವರು ತೀರ್ಮಾನಿಸಿದರು.

ಲಾಗ್ ಪುಸ್ತಕ ಕೇಳಿ. ಸಾಮಾನ್ಯವಾಗಿ ಮೊದಲ 25 ಅಥವಾ 40 ಗಂಟೆಯ ಪರೀಕ್ಷಾ ಹಾರಾಟಕ್ಕೆ ಪ್ರಯಾಣಿಕರು ನಿಷಿದ್ಧ. ಯಾವ ಕಸರತ್ತನ್ನು ಪರೀಕ್ಷಿಸಿದರೆಂದು ಅದರಲ್ಲಿ ಬರೆದಿರಬೇಕು. ಪ್ರಯಾಣಿಕನಿದ್ದಾಗ 60 ಡಿಗ್ರಿ ಮೀರಿ ವಾಲಿಸಿದರೆ, ಮೂತಿಯನ್ನು 30 ಡಿಗ್ರಿ ಮೀರಿ ಏರಿಳಿಸಿದರೆ ಇಬ್ಬರಿಗೂ ಪ್ಯಾರಾಚೂಟು ಕಡ್ಡಾಯ. ನೈಲಾನಿನದನ್ನು ಕಳೆದ 180 ದಿನದೊಳಗೆ ಪರವಾನಗಿ ಇದ್ದವರು ಮಡಚಿರಬೇಕು. ಹೊರಗೆ ಹಾರುವ ಕ್ರಮವನ್ನು ನೆಲದಲ್ಲೇ ಮೂರು ಸಲ ಮಾಡಿ: ಮುಚ್ಚಳ ಬಿಚ್ಚು, ಸೀಟು ಬೆಲ್ಟು ಬಿಚ್ಚು, ಹೊರಬೀಳು, ಹಿಡಿ ಎಳೆ. ಗಾಬರಿಯಲ್ಲಿ ಸೀಟು ಬೆಲ್ಟಿನ ಬದಲು ಪ್ಯಾರಾಚೂಟಿನ ಬಕಲ್ಲನ್ನೇ ಬಿಚ್ಚುವುದುಂಟು.

ಊರಿನವರಿಗೆ ಒಂದು ಮಾತು. ಸಾವಾದರೆ ಅಲ್ಲಿನ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ಪ್ರಾಥಮಿಕ ವರದಿ ಕೆಲವು ವಾರಗಳಲ್ಲಿ ಬರುತ್ತದೆ, ಅದರಲ್ಲಿ ಕಾರಣ ಇರುವುದಿಲ್ಲ. ಕಾರಣ ಹೇಳುವ ವರದಿ ಬರುವಷ್ಟರಲ್ಲಿ ವರ್ಷಾಂತಿಕವೂ ಮುಗಿದಿರುತ್ತದೆ. ಅಲ್ಲಿಯ ತನಕ ವಾಟ್ಸಾಪಿನಲ್ಲಿ ಓಡಾಡುವ 'ಎಂಜಿನ್ ಫೇಲಂತೆ' ಎಂಬುದಕ್ಕೆ ತಲೆ ಕೊಡಬೇಡಿ. ಖಾಸಗಿ ವಿಮಾನದ ಸಾವಿಗೆ ವಿಮೆ ಕೊಡದ ಪಾಲಿಸಿಗಳಿವೆ. ಆ ಷರತ್ತನ್ನು ಹಾರುವ ಮುಂಚೆಯೇ ಓದಿಸಿ.