ಟಿಪ್ಪಿಗೆ ಅರ ಹಾಕುವ ಮುನ್ನ

ಬೀದರಿನಲ್ಲಿ ರೇಡಿಯೊ, ಮಿಕ್ಸಿ, ಇನ್ವರ್ಟರ್ ದುರಸ್ತಿ ಮಾಡುವ ಹಿರಿಯರಲ್ಲಿ ಹಲವರು ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಟಿಪ್, ಅಂದರೆ ಮೊನೆ, ಕಪ್ಪಾದೊಡನೆ ಅರ ಹಿಡಿದು ಉಜ್ಜುತ್ತಾರೆ. ಅವರು ಕೆಲಸ ಕಲಿತ ಕಾಲಕ್ಕೆ ಅದೇ ಸರಿಯಾದ ಕ್ರಮವಾಗಿತ್ತು. ಆಗಿನ ಟಿಪ್ ಬರಿಯ ತಾಮ್ರದ್ದು. ಬೆಸುಗೆಯ ಕರಗಿದ ತವರದಲ್ಲಿ ತಾಮ್ರವೂ ಸ್ವಲ್ಪಸ್ವಲ್ಪವೇ ಕರಗುವುದರಿಂದ ಮೊನೆಯಲ್ಲಿ ಗುಳಿ ಬೀಳುತ್ತಿತ್ತು, ಅದನ್ನು ಅರದಿಂದ ಸಮ ಮಾಡಿ ಮತ್ತೆ ಲೆಡ್ (ತವರ–ಸೀಸದ ಬೆಸುಗೆ ತಂತಿ) ಹಚ್ಚಿದರೆ ಕೆಲಸ ಸಾಗುತ್ತಿತ್ತು. ಈಗ ಉಷ್ಣತೆ ಹೊಂದಿಸಬಲ್ಲ ಸೋಲ್ಡರಿಂಗ್ ಸ್ಟೇಷನ್ನಿನೊಂದಿಗೆ ಬರುವ ಟಿಪ್ಪಿನ ಒಳಗೆ ತಾಮ್ರವಿದ್ದರೂ ಅದರ ಮೇಲೆ ಕಬ್ಬಿಣದ ತೆಳುವಾದ ಲೇಪನವಿರುತ್ತದೆ. ಅರವಾಗಲಿ ಎಮರಿ ಪೇಪರ್ ಆಗಲಿ ಆ ಲೇಪನವನ್ನು ಒಂದು ಕಡೆ ಹರಿದರೂ ಸಾಕು, ತವರವು ಒಳಗಿನ ತಾಮ್ರವನ್ನು ತಿನ್ನತೊಡಗುತ್ತದೆ. ಆಮೇಲೆ ಟಿಪ್ ಬದಲಿಸುವುದೊಂದೇ ದಾರಿ.

ಕಪ್ಪಾಗುವುದಕ್ಕೆ ಕಾರಣ, ಕಾದ ಕಬ್ಬಿಣಕ್ಕೆ ನೇರವಾಗಿ ಗಾಳಿ ತಗಲುವುದು. ಆ ಕಪ್ಪು ಪದರದ ಮೇಲೆ ಲೆಡ್ ಹರಡದೆ ಗುಂಡಗಾಗಿ ಉರುಳಿ ಬೀಳುತ್ತದೆ. ಶಾಖ ಸಾಲದೆಂದು ಭಾವಿಸಿ ಅನೇಕರು ಉಷ್ಣತೆಯನ್ನು 450 ಡಿಗ್ರಿಗೆ ಏರಿಸುತ್ತಾರೆ, ಅದರಿಂದ ಟಿಪ್ ಇನ್ನೂ ಬೇಗ ಕಪ್ಪಾಗುತ್ತದೆ. 60/40 ಲೆಡ್ (60 ಭಾಗ ತವರ, 40 ಭಾಗ ಸೀಸ) 183ರಿಂದ 190 ಡಿಗ್ರಿ ಸೆಲ್ಸಿಯಸ್ ನಡುವೆಯೇ ಕರಗುವುದರಿಂದ ಸಾಮಾನ್ಯ ಬೋರ್ಡಿಗೆ 320ರಿಂದ 350 ಡಿಗ್ರಿ ಧಾರಾಳವಾಗಿ ಸಾಕು.

ಒರೆಸಲು ನಾನು ಹಿತ್ತಾಳೆಯ ನಾರನ್ನೇ ಮೆಚ್ಚುತ್ತೇನೆ. ಹಿತ್ತಾಳೆ ಕಬ್ಬಿಣಕ್ಕಿಂತ ಮೃದುವಾದ್ದರಿಂದ ಲೇಪನವನ್ನು ಕೆರೆಯುವುದಿಲ್ಲ, ಟಿಪ್ ಹಠಾತ್ತನೆ ತಣಿಯುವುದೂ ಇಲ್ಲ. ಸ್ಪಂಜನ್ನೇ ಬಳಸುವವರು ಅದನ್ನು ಹಿಂಡಿ, ನೀರು ತೊಟ್ಟಿಕ್ಕದಷ್ಟು ಮಾತ್ರ ಒದ್ದೆಯಾಗಿಡಬೇಕು. ಗಡಸಾದ ಕೊಳವೆಬಾವಿ ನೀರಿನ ಬದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿದರೆ ಟಿಪ್ಪಿನ ಮೇಲೆ ಸುಣ್ಣದ ಕಲೆ ಕೂರುವುದಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದುದು ಒರೆಸುವ ಹೊತ್ತು. ಬೆಸುಗೆ ಮುಗಿದೊಡನೆ ಟಿಪ್ಪನ್ನು ಥಳಥಳ ಒರೆಸಿ ಸ್ಟ್ಯಾಂಡಿಗೆ ಇಡುವ ಅಭ್ಯಾಸ ನೋಡಲು ಅಚ್ಚುಕಟ್ಟಾಗಿದ್ದರೂ ಟಿಪ್ಪಿಗೆ ಅದೇ ದೊಡ್ಡ ಶತ್ರು. ಮುಂದಿನ ಬೆಸುಗೆಗೆ ಕೈ ಹಾಕುವ ಮುನ್ನ ಒರೆಸಬೇಕು, ಅಲ್ಲಿಯವರೆಗೆ ಹಳೆಯ ಲೆಡ್ಡೇ ಅದಕ್ಕೆ ಹೊದಿಕೆಯಾಗಿರಬೇಕು. ಸ್ವಿಚ್ ಆರಿಸುವಾಗಲೂ ಮೊನೆ ಪೂರ್ತಿ ಮುಚ್ಚುವಂತೆ ಹೊಸ ಲೆಡ್ ಹಚ್ಚಿ, ಹಾಗೆಯೇ ತಣಿಯಲು ಬಿಡಬೇಕು.

ಪೂರ್ತಿ ಕಪ್ಪಾದ ಟಿಪ್ಪಿಗೆ ಮೊದಲು ರಾಳದ ಫ್ಲಕ್ಸ್ (ಲೆಡ್ ಅಂಟಲು ನೆರವಾಗುವ ಲೇಪ) ಹಚ್ಚಿ, ಲೆಡ್ ಮುಟ್ಟಿಸುತ್ತ ಹಿತ್ತಾಳೆ ನಾರಿನಲ್ಲಿ ಮತ್ತೆಮತ್ತೆ ತಿರುವಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ನವಸಾಗರ (ಅಮೋನಿಯಂ ಕ್ಲೋರೈಡ್) ಇದೆ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವುದು ಇದನ್ನೇ. ನಮ್ಮ ಬಿದ್ರಿ ಕುಶಲಕರ್ಮಿಗಳು ಸತು–ತಾಮ್ರದ ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಕೋಟೆಯ ಮಣ್ಣಿನೊಂದಿಗೆ ಬೆರೆಸುವುದೂ ಇದನ್ನೇ. ಬಿಸಿ ಟಿಪ್ಪನ್ನು ನವಸಾಗರದ ಗಟ್ಟಿಯ ಮೇಲೆ ಒಮ್ಮೆ ಎಳೆದರೆ ಬಿಳಿಯ ಹೊಗೆ ಎದ್ದು, ಕಪ್ಪು ಬಿಟ್ಟು ಬೆಳ್ಳಿಯ ಬಣ್ಣ ಕಾಣುತ್ತದೆ. ಆ ಹೊಗೆ ಗಂಟಲನ್ನು ಸುಡುವುದರಿಂದ ಬಯಲಿನಲ್ಲೇ ಈ ಕೆಲಸ ಮಾಡಬೇಕು. ಉಳಿದ ಕೊಳೆ ಬೋರ್ಡಿನ ತಾಮ್ರವನ್ನು ಕೊರೆಯುವುದರಿಂದ ಟಿಪ್ಪನ್ನು ಚೆನ್ನಾಗಿ ಒರೆಸಿ, ಹೊಸ ಲೆಡ್ ಹಚ್ಚಿದ ಮೇಲೆಯೇ ಬಳಸಬೇಕು.